ಅಪ್ಪನ ಹೊಟ್ಟೆಯಲ್ಲಿ 4.3 ಸೆಂ.ಮೀ. ಅನ್ಯೂರಿಸಂ. ಒಂದು ವರ್ಷ ಸುಮ್ನೆ ಕಾಯಬೇಕಂತೆ!

ನಡುವಿನ ಮಗ:

ಅಪ್ಪನಿಗೆ 68 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ ಅಂತ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದೆವು. ಪ್ರಾಸ್ಟೇಟ್ ಸ್ವಲ್ಪ ದಪ್ಪ ಆಗಿದೆ, ಅಷ್ಟೇ ಅಂದುಕೊಂಡು ರಿಪೋರ್ಟ್ ಮಡಚಿ ಇಡುವವನಿದ್ದೆ. ಕೊನೇ ಸಾಲು ಕಣ್ಣಿಗೆ ಬಿತ್ತು. ಹೊಟ್ಟೆಯ ಮಹಾಪಧಮನಿಯಲ್ಲಿ ಅನ್ಯೂರಿಸಂ, ಅಂದರೆ ರಕ್ತನಾಳ ಉಬ್ಬಿರುವುದು, 4.3 ಸೆಂ.ಮೀ.

ಡಾಕ್ಟರ್ ಐದು ನಿಮಿಷ ಮಾತಾಡಿದರು. ಸಿಗರೇಟು ಬಿಡಿ, ಬಿಪಿ ಮಾತ್ರೆ ತಪ್ಪಿಸಬೇಡಿ, ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ಮುಗಿಯಿತು. ಮನೆಗೆ ಬಂದು ಇಂಟರ್ನೆಟ್ ನೋಡಿದೆ. ಎಲ್ಲ ಕಡೆ ಒಂದೇ ಮಾತು, ಹೊಟ್ಟೆಯೊಳಗಿನ ಬಾಂಬು. ಅವತ್ತಿನಿಂದ ಅಮ್ಮ ಅವರಿಗೆ ಒಂದು ಬಕೆಟ್ ನೀರು ಎತ್ತಲೂ ಬಿಡುತ್ತಿಲ್ಲ. ಅಪ್ಪ ಸೀನಿದರೆ ಮನೆಯವರೆಲ್ಲ ತಿರುಗಿ ನೋಡುತ್ತೇವೆ. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ. ಅಪ್ಪ ಮಲಗಿದ ಮೇಲೆ ಮೆಲ್ಲಗೆ ಹೋಗಿ ಅವರ ಹೊಕ್ಕುಳ ಮೇಲೆ ಅಂಗೈ ಇಡುತ್ತೇನೆ. ಬಡಿಯುತ್ತಿರುತ್ತದೆ. ಬಡಿಯುತ್ತಿದೆ ಅಂದರೆ ಇನ್ನೂ ಒಡೆದಿಲ್ಲ ಅಂತ ಸಮಾಧಾನ ಮಾಡಿಕೊಂಡು ಬಂದು ಮಲಗುತ್ತೇನೆ.

ಈಗಲೇ ಆಪರೇಷನ್ ಮಾಡಿ ಮುಗಿಸಬಾರದಾ? ಕಾಯೋದು ಅಂದ್ರೆ ನಾವು ಏನು ಮಾಡಬೇಕು? ಒಡೆಯುವ ಮುಂಚೆ ಗೊತ್ತಾಗುತ್ತಾ?

ರಾತ್ರಿಪಾಳಿ:

ನಾನು ರಕ್ತನಾಳದ ಆಪರೇಷನ್ ವಾರ್ಡಿನಲ್ಲಿ ನರ್ಸ್, 14 ವರ್ಷ ಆಯ್ತು. ಮೊದಲು ಆ ಕೈ ತೆಗೀರಿ. ಒಡೆದುಬಿಡುತ್ತದೆ ಅಂತಲ್ಲ, ನಿಮಗೂ ನಿದ್ದೆ ಬೇಕಲ್ವಾ?

ಮಹಾಪಧಮನಿ (ಅಯೋರ್ಟಾ) ಅಂದರೆ ಹೃದಯದಿಂದ ಹೊರಟು ಎದೆ ದಾಟಿ, ಬೆನ್ನುಮೂಳೆಗೆ ಅಂಟಿಕೊಂಡ ಹಾಗೆ ಹೊಕ್ಕುಳ ತನಕ ಇಳಿಯುವ ಮುಖ್ಯ ಪೈಪು. ಅಲ್ಲಿ ಎರಡಾಗಿ ಕವಲೊಡೆದು ಕಾಲುಗಳಿಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. 3 ದಾಟಿದರೆ ಅನ್ಯೂರಿಸಂ ಅನ್ನುತ್ತೇವೆ. ಸೈಕಲ್ ಟ್ಯೂಬು ಒಂದು ಕಡೆ ಸವೆದು ಉಬ್ಬಿರುತ್ತದಲ್ಲ, ಹಾಗೆ. ಉಬ್ಬು ದೊಡ್ಡದಾದಷ್ಟೂ ಗೋಡೆಯ ಮೇಲೆ ಎಳೆತ ಜಾಸ್ತಿ. ಅದಕ್ಕೇ 7 ಸೆಂ.ಮೀ. ಇದ್ದವರನ್ನು ನೋಡಿದರೆ ನಮಗೆ ಭಯ. 4.3 ಇದ್ದವರನ್ನು ನೋಡಿದರೆ ಕ್ಯಾಲೆಂಡರ್ ನೋಡುತ್ತೇವೆ.

ಸಾಮಾನ್ಯವಾಗಿ ಗಂಡಸರಿಗೆ 5.5, ಹೆಂಗಸರಿಗೆ 5 ಸೆಂ.ಮೀ. ಆದಾಗ ಆಪರೇಷನ್ ಮಾತು ಬರುತ್ತದೆ. ಅದಕ್ಕಿಂತ ಚಿಕ್ಕದಿದ್ದರೂ ನೋವು ಶುರುವಾದರೆ, ಅಥವಾ ಬೇಗ ಬೇಗ ಬೆಳೆದರೆ, ಆಗಲೂ.

ಈಗಲೇ ಯಾಕೆ ಬೇಡ ಅಂದರೆ, ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬ್ರಿಟನ್ನಿನಲ್ಲಿ 4ರಿಂದ 5.5 ಸೆಂ.ಮೀ. ಇದ್ದ 1,090 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ತಕ್ಷಣ ಆಪರೇಷನ್ ಮಾಡಿದರು, ಉಳಿದವರಿಗೆ ಬರೀ ಸ್ಕ್ಯಾನ್. 1998ರಲ್ಲಿ ಫಲಿತಾಂಶ ಬಂತು. ಬೇಗ ಆಪರೇಷನ್ ಆದವರು ಹೆಚ್ಚು ಕಾಲ ಬದುಕಲಿಲ್ಲ. ಆಪರೇಷನ್ ಆದ ಒಂದು ತಿಂಗಳೊಳಗೇ ನೂರಕ್ಕೆ ಐದಾರು ಜನ ತೀರಿಕೊಂಡಿದ್ದರು. ಕಾದವರಲ್ಲಿ ಒಡೆದದ್ದು ವರ್ಷಕ್ಕೆ ನೂರಕ್ಕೆ ಒಬ್ಬರಿಗೆ. 2002ರಲ್ಲಿ ಅಮೆರಿಕದ ಪರೀಕ್ಷೆಯೂ ಅದನ್ನೇ ಹೇಳಿತು. ಹಾಗಾಗಿ ನಿಮ್ಮ ಡಾಕ್ಟರ್ ಮಾತಾಡಿದ್ದು ಕಮ್ಮಿ ಇರಬಹುದು, ಹೇಳಿದ್ದು ತಪ್ಪಲ್ಲ.

ಸಹಜಮಾರ್ಗಿ:

ಇದಕ್ಕೆಲ್ಲ ಆಪರೇಷನ್ ಯಾಕೆ? ನಾಳದ ಊತ ಇಳಿಸುವ ಕಷಾಯಗಳಿವೆ. ಬೇಕಿದ್ದರೆ ಮೆಸೇಜ್ ಮಾಡಿ.

ರಾತ್ರಿಪಾಳಿ:

ಇದು ಊತ ಅಲ್ಲ ಸರ್, ಗೋಡೆಯ ನಾರು ಹರಿದು ಸಡಿಲ ಆಗಿರುವುದು. ಸಡಿಲ ಆದ ಎಲಾಸ್ಟಿಕ್ಕು ಕಷಾಯಕ್ಕೆ ಬಿಗಿಯಾಗಲ್ಲ. ನಮ್ಮ ಕಡೆ ಮಾತ್ರೆಗೂ ಆಗಲ್ಲ. ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟರೆ ಬೆಳವಣಿಗೆ ನಿಲ್ಲಬಹುದು ಅಂತ ಬಹಳ ಆಸೆ ಇತ್ತು. ಪರೀಕ್ಷೆ ಮಾಡಿದರು. 2020ರಲ್ಲಿ ಉತ್ತರ ಬಂತು, ನಿಲ್ಲಲಿಲ್ಲ. ಬಿಪಿ ಮಾತ್ರೆ, ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಕೊಡುವುದು ಹೃದಯ ಮತ್ತು ಉಳಿದ ನಾಳಗಳನ್ನು ಕಾಪಾಡೋಕೆ. ಸಿಗರೇಟು ಬಿಡುವುದೊಂದು ಮಾತ್ರ ಬೆಳವಣಿಗೆಯನ್ನೇ ನಿಧಾನ ಮಾಡುತ್ತದೆ.

ಕಲ್ಲುನೋವು:

ನನ್ನ ದೊಡ್ಡಪ್ಪನ ಕತೆ ಹೇಳುತ್ತೇನೆ. ಹೆದರಿಸೋಕೆ ಅಲ್ಲ.

ಅವರಿಗೆ 71. ಒಂದು ಮಧ್ಯಾಹ್ನ ಎಡ ಪಕ್ಕೆಯಲ್ಲಿ ನೋವು ಶುರುವಾಗಿ ತೊಡೆಸಂದಿಗೆ ಇಳಿಯಿತು. ಬಾತ್‌ರೂಮಿಗೆ ಹೋದವರು ಅಲ್ಲೇ ತಲೆ ತಿರುಗಿ ಕೂತುಬಿಟ್ಟರು. ಮೈಯೆಲ್ಲ ತಣ್ಣನೆ ಬೆವರು. ಹತ್ತು ನಿಮಿಷ ಆದ ಮೇಲೆ ಎದ್ದು, ಈಗ ಪರವಾಗಿಲ್ಲ ಅಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂತ್ರ ಪರೀಕ್ಷೆಯಲ್ಲಿ ಸ್ವಲ್ಪ ರಕ್ತ ಇತ್ತು. ಕಿಡ್ನಿ ಕಲ್ಲು ಅಂದರು. ನೋವಿನ ಇಂಜೆಕ್ಷನ್ ಕೊಟ್ಟರು, ಜಾಸ್ತಿ ನೀರು ಕುಡಿಯಿರಿ ಅಂತ ಮನೆಗೆ ಕಳಿಸಿದರು. ದೊಡ್ಡಪ್ಪ ದಾರಿಯಲ್ಲಿ ತಮಾಷೆ ಮಾಡುತ್ತಿದ್ದರು, ಈ ವಯಸ್ಸಿನಲ್ಲಿ ಕಲ್ಲು ಹುಟ್ಟಿಸಿದೆ ನೋಡು ಅಂತ. ರಾತ್ರಿ 2 ಗಂಟೆಗೆ ಮತ್ತೆ ಬಿದ್ದರು. ಆಂಬ್ಯುಲೆನ್ಸಿನಲ್ಲೇ ಹೋದರು. ಕಲ್ಲಲ್ಲ, ಅನ್ಯೂರಿಸಂ ಒಡೆದಿತ್ತು.

ಆಮೇಲೆ ನನಗೆ ಉಳಿದ ಪ್ರಶ್ನೆ ಇದು. 71 ವರ್ಷ ಒಂದು ಸಲವೂ ಕಲ್ಲು ಬಾರದವರಿಗೆ ಅವತ್ತೇ ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ತಲೆ ತಿರುಗಿ ಬಿದ್ದದ್ದನ್ನು ನಾವೇ ಸರಿಯಾಗಿ ಒತ್ತಿ ಹೇಳಲಿಲ್ಲ. ನೋವಿನ ಮಾತೇ ಜಾಸ್ತಿ ಆಯ್ತು.

ತುರ್ತುಬಾಗಿಲು:

ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ಡಾಕ್ಟರ್ ನಾನು. ಕಲ್ಲುನೋವು ಅವರೇ, ನೀವು ಬರೆದದ್ದನ್ನು ನಾನು ನನ್ನ ಜೂನಿಯರ್‌ಗಳಿಗೆ ಓದಿ ಹೇಳುತ್ತೇನೆ. ಅರವತ್ತು ದಾಟಿದ ಗಂಡಸಿಗೆ ಜೀವನದಲ್ಲಿ ಮೊದಲ ಸಲ 'ಕಿಡ್ನಿ ಕಲ್ಲು' ಬಂದಿದ್ದರೆ, ಅದು ಅನ್ಯೂರಿಸಂ ಅಲ್ಲ ಅಂತ ಖಾತ್ರಿ ಆಗುವ ತನಕ ಕಲ್ಲು ಅನ್ನಬಾರದು. ನಮಗೆ ಇದು ಗಾದೆ ಇದ್ದ ಹಾಗೆ. ಅನ್ಯೂರಿಸಂ ಒಡೆದಾಗಲೂ ಮೂತ್ರದಲ್ಲಿ ರಕ್ತ ಕಾಣಬಹುದು.

ಅವರು ಹತ್ತು ನಿಮಿಷ ಬಿಟ್ಟು ಸುಧಾರಿಸಿಕೊಂಡರಲ್ಲ, ಅದೇ ಮೋಸ. ಹಲವರಲ್ಲಿ ಗೋಡೆ ಮೊದಲು ಹಿಂಭಾಗಕ್ಕೆ ಸೋರುತ್ತದೆ. ಬೆನ್ನಿನ ಕಡೆಯ ಅಂಗಾಂಶ, ಹೆಪ್ಪುಗಟ್ಟಿದ ರಕ್ತ ಎರಡೂ ಸೇರಿ ತೂತಿಗೆ ಸ್ವಲ್ಪ ಹೊತ್ತು ಬಿರಡೆ ಹಾಕಿದ ಹಾಗೆ ಆಗುತ್ತದೆ. ರೋಗಿ ಎದ್ದು ಕೂರುತ್ತಾನೆ, ಮಾತಾಡುತ್ತಾನೆ. ನಮಗೆ ಸಿಗುವ ಸಮಯ ಅಷ್ಟೇ. ಹೊಟ್ಟೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಅನ್ಯೂರಿಸಂ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸೋರಿದೆಯಾ ಅನ್ನೋದಕ್ಕೆ ಸಿ.ಟಿ. ಬೇಕು.

ಪುಸ್ತಕದಲ್ಲಿ ಮೂರು ಲಕ್ಷಣ ಬರೆದಿರುತ್ತಾರೆ: ಹೊಟ್ಟೆ ಅಥವಾ ಬೆನ್ನು ನೋವು, ಬಿಪಿ ಇಳಿಯುವುದು, ಹೊಟ್ಟೆಯಲ್ಲಿ ಬಡಿಯುವ ಗಡ್ಡೆ. ಮೂರೂ ಒಟ್ಟಿಗೆ ಸಿಗುವುದು ಅರ್ಧ ಜನರಲ್ಲೂ ಕಷ್ಟ. ಮೂರೂ ಸೇರಲಿ ಅಂತ ಕಾದರೆ ಕೆಲಸ ಕೆಟ್ಟ ಹಾಗೇ. ಒಡೆದವರಲ್ಲಿ ಹತ್ತಕ್ಕೆ ಎಂಟು ಜನ ಆಸ್ಪತ್ರೆ ತಲುಪುವ ಮುಂಚೆಯೋ ಆಪರೇಷನ್ ಆಗಿಯೋ ಉಳಿಯುವುದಿಲ್ಲ.

ನಡುವಿನ ಮಗನೇ, ನಿಮಗೆ ಹೇಳುವುದಿಷ್ಟು. ಅಪ್ಪನಿಗೆ ದಿಢೀರನೆ ಹೊಟ್ಟೆ, ಬೆನ್ನು ಅಥವಾ ಪಕ್ಕೆ ನೋವು ಬಂದು ಬಿಡದೇ ಇದ್ದರೆ, ಅಥವಾ ನೋವಿನ ಜೊತೆ ತಲೆ ತಿರುಗಿದರೆ, ಬೆವರಿದರೆ, ಗ್ಯಾಸು ಅಂತ ಮಾತ್ರೆ ಕೊಟ್ಟು ಕಾಯಬೇಡಿ. ಆಂಬ್ಯುಲೆನ್ಸ್ ಕರೆಯಿರಿ. ಫೋನಿನಲ್ಲಿ ಮೊದಲ ವಾಕ್ಯವೇ ಇದಿರಲಿ: 'ಅಯೋರ್ಟಿಕ್ ಅನ್ಯೂರಿಸಂ ಇದೆ, 4.3 ಸೆಂ.ಮೀ., ಈಗ ನೋವು.' ಆಮೇಲೆ ಹೆಸರು, ವಯಸ್ಸು. ತಿನ್ನಲು ಕುಡಿಯಲು ಏನೂ ಕೊಡಬೇಡಿ. ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದುಕೊಂಡಿರಿ, ಅವತ್ತಲ್ಲ.

ಎರಡನೇ ವರ್ಷ:

ಸರ್, ನಾನು ನರ್ಸಿಂಗ್ ವಿದ್ಯಾರ್ಥಿ. ಅನ್ಯೂರಿಸಂ ಇದ್ದವರ ಹೊಟ್ಟೆ ಒತ್ತಲೇಬಾರದು, ಒತ್ತಿದರೆ ಒಡೆಯುತ್ತದೆ ಅಂತ ನಮಗೆ ಕಲಿಸಿದ್ದಾರೆ. ಇಲ್ಲಿ ಇವರು ದಿನಾ ಕೈ ಇಡುತ್ತಿದ್ದಾರೆ!

ತುರ್ತುಬಾಗಿಲು:

ಡಾಕ್ಟರ್ ಮೆತ್ತಗೆ ಒತ್ತಿ ನೋಡಿದ್ದಕ್ಕೆ ಒಡೆಯುತ್ತದೆ ಅನ್ನೋದಕ್ಕೆ ಆಧಾರ ಇಲ್ಲ. ಆದರೆ ಇದೆ ಅಂತ ಗೊತ್ತಾದ ಮೇಲೆ ಬಂದವರೆಲ್ಲ ಒತ್ತಿ ನೋಡುವ ಅಗತ್ಯವೂ ಇಲ್ಲ. ನೋವಿರುವ ರೋಗಿಗಂತೂ ಬೇಡವೇ ಬೇಡ.

ಇನ್ನು ಅಂಗೈ ಪರೀಕ್ಷೆಯ ವಿಷಯ. ಸಣಕಲು ಮೈಯವರಲ್ಲಿ ಏನೂ ತೊಂದರೆಯಿಲ್ಲದ ಮಹಾಪಧಮನಿಯೂ ಕೈಗೆ ಬಡಿಯುತ್ತದೆ. ದಪ್ಪ ಹೊಟ್ಟೆಯವರಲ್ಲಿ ದೊಡ್ಡ ಅನ್ಯೂರಿಸಂ ಇದ್ದರೂ ಸಿಗುವುದಿಲ್ಲ. ನಾವು ಎರಡೂ ಕೈಯ ಬೆರಳನ್ನು ಆಚೆ ಈಚೆ ಇಟ್ಟು, ಬಡಿತ ಬೆರಳುಗಳನ್ನು ಪಕ್ಕಕ್ಕೆ ತಳ್ಳುತ್ತಾ ಅಥವಾ ಬರೀ ಮೇಲಕ್ಕೆ ಎತ್ತುತ್ತಾ ಅಂತ ನೋಡುತ್ತೇವೆ. ಪಕ್ಕಕ್ಕೆ ತಳ್ಳಿದರೆ ಅನುಮಾನ. ಅಷ್ಟಾದರೂ ಅಳತೆ ಹೇಳೋದು ಸ್ಕ್ಯಾನೇ.

ನಡುವಿನ ಮಗ:

ಸರಿ, ಕೈ ತೆಗೆದೆ. ಅಪ್ಪನಿಗೆ ಶುಗರ್ ಕೂಡ ಇದೆ. ಅದರಿಂದ ಬೇಗ ಬೆಳೆಯುತ್ತಾ? ಮತ್ತೆ ವಾಕಿಂಗ್, ಬಕೆಟ್ ಎಲ್ಲ?

ರಾತ್ರಿಪಾಳಿ:

ಶುಗರ್ ವಿಷಯ ತಮಾಷೆಯಾಗಿದೆ. ಹೃದಯ, ಕಿಡ್ನಿ, ಕಣ್ಣು ಎಲ್ಲಕ್ಕೂ ಕೆಟ್ಟದ್ದು ಮಾಡುವ ಶುಗರ್ ಇದೊಂದರಲ್ಲಿ ಉಲ್ಟಾ. ಶುಗರ್ ಇರುವವರಲ್ಲಿ ಹೊಟ್ಟೆಯ ಅನ್ಯೂರಿಸಂ ಕಮ್ಮಿ, ಇದ್ದರೂ ನಿಧಾನ ಬೆಳೆಯುತ್ತದೆ. ಹಾಗಂತ ಶುಗರ್ ಮಾತ್ರೆ ಬಿಡಬೇಡಿ ಮತ್ತೆ!

ವಾಕಿಂಗ್ ಮಾಡಲೇಬೇಕು. ದಿನಕ್ಕೆ ಅರ್ಧ ಗಂಟೆ, ಮಾತಾಡುತ್ತಾ ನಡೆಯುವಷ್ಟು ವೇಗ. ಬೇಡದ್ದು ಅಂದರೆ ಉಸಿರು ಬಿಗಿಹಿಡಿದು ಭಾರ ಎತ್ತುವುದು. ಆಗ ಬಿಪಿ ಒಮ್ಮೆಲೇ ಜಿಗಿಯುತ್ತದೆ. ಅರ್ಧ ಬಕೆಟ್ ನೀರಿಗೆ ಏನೂ ಆಗಲ್ಲ, ಅಮ್ಮನಿಗೆ ಹೇಳಿ. ಮಲಬದ್ಧತೆ ಇದ್ದರೆ ತಿಣುಕುವುದಕ್ಕೆ ಬಿಡದೆ ಔಷಧಿ ಕೊಡಿಸಿ. ಕೆಮ್ಮು ತಿಂಗಳುಗಟ್ಟಲೆ ಎಳೆಯಲು ಬಿಡಬೇಡಿ. ಬಿಪಿ 130/80ರ ಒಳಗಿದ್ದರೆ ಒಳ್ಳೆಯದು. ಮನೆಯಲ್ಲಿ ಮಿಷನ್ ಇಟ್ಟುಕೊಂಡು ಬರೆದಿಡಿ, ಆದರೆ ದಿನಕ್ಕೆ ಎಂಟು ಸಲ ನೋಡಬೇಡಿ. ನೀವು ನೋಡುವವರ ಹಾಗೆ ಕಾಣುತ್ತೀರಿ.

ಚೀಟಿ ಓದುವವ:

ಔಷಧಿ ಅಂಗಡಿಯಲ್ಲಿರುವ ಫಾರ್ಮಸಿಸ್ಟ್. ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ನಿಮ್ಮ ಅಪ್ಪನಿಗೆ ಮೂತ್ರದ ತೊಂದರೆ ಇದೆ ಅಂದಿರಿ. ಸಿಪ್ರೋಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಇಂಥ ಆ್ಯಂಟಿಬಯಾಟಿಕ್ ಏನಾದರೂ ಬರೆದಿದ್ದಾರಾ? ಅನ್ಯೂರಿಸಂ ಇರುವವರಿಗೆ, ಬೇರೆ ದಾರಿ ಇದ್ದರೆ ಇವನ್ನು ಕೊಡಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಗೋಡೆಯ ನಾರನ್ನು ಇವು ಇನ್ನಷ್ಟು ಸಡಿಲ ಮಾಡಬಹುದು.

ನಡುವಿನ ಮಗ:

ಒಂದು ನಿಮಿಷ. ಈಗ ಡಬ್ಬಿ ತೆಗೆದು ನೋಡಿದೆ. ಸಿಪ್ರೋಫ್ಲಾಕ್ಸಸಿನ್ 500. ಸ್ಕ್ಯಾನಿಗೆ ಮುಂಚೆ ಬೇರೆ ಡಾಕ್ಟರ್ ಬರೆದದ್ದು. ಇನ್ನೂ 4 ಮಾತ್ರೆ ಉಳಿದಿವೆ.

ಚೀಟಿ ಓದುವವ:

ಗಾಬರಿ ಬೇಡ. ಬರೆದವರಿಗೆ ಅನ್ಯೂರಿಸಂ ಇರೋದು ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಇವತ್ತೇ ಅವರಿಗೆ ಫೋನ್ ಮಾಡಿ ಹೇಳಿ, ಬೇರೆಯದಕ್ಕೆ ಬದಲಾಯಿಸಬಹುದಾ ಅಂತ ಕೇಳಿ. ಇನ್ನು ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನವರಾದರೂ ಸರಿ, ಅನ್ಯೂರಿಸಂ ಅನ್ನೋ ಪದ ಚೀಟಿಯ ಮೇಲ್ಗಡೆ ಬರೆಸಿ.

ಉದ್ದಬೆರಳು:

ಇಲ್ಲಿ ಎಲ್ಲರೂ ಹೊಟ್ಟೆ, ವಯಸ್ಸಾದವರು, ಸಿಗರೇಟು ಅಂತಿದ್ದೀರಿ. ನನಗೆ 34. ಸಿಗರೇಟು ಮುಟ್ಟಿಲ್ಲ. ನನ್ನದು ಎದೆಯೊಳಗಿನದು, ಹೃದಯದಿಂದ ಹೊರಟ ಕೂಡಲೇ ಇರುವ ಭಾಗ, 4.4 ಸೆಂ.ಮೀ. ಮಾರ್ಫನ್ ಸಿಂಡ್ರೋಮ್, ಅಂದರೆ ಮೈಯ ನಾರು ಹುಟ್ಟಿನಿಂದಲೇ ಸಡಿಲ ಇರುವ, ಜೀನಿನಿಂದ ಬರುವ ಕಾಯಿಲೆ. ಅಮ್ಮ ನನ್ನ ತಂಗಿಯನ್ನು ಹೆತ್ತು ನಾಲ್ಕನೇ ದಿನ ಹೋದರು. ಹೆರಿಗೆಯ ನಂಜು ಅಂತ ಬರೆದಿದ್ದರು. ಅಮ್ಮನೂ ಉದ್ದ, ಬೆರಳುಗಳು ಉದ್ದ, ಕನ್ನಡಕ ಇಲ್ಲದೆ ಏನೂ ಕಾಣುತ್ತಿರಲಿಲ್ಲ. ಅವರಿಗೂ ಇದೇ ಇತ್ತು ಅಂತ ಫೋಟೋ ನೋಡಿದರೆ ಈಗ ನನಗೇ ಗೊತ್ತಾಗುತ್ತದೆ.

ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿಯಿರಿ. ನನ್ನ ಹೆಬ್ಬೆರಳಿನ ಉಗುರು ಪೂರ್ತಿ ಕಿರುಬೆರಳ ಆಚೆ ಬರುತ್ತದೆ. ಶಾಲೆಯಲ್ಲಿ ಇದನ್ನು ಆಟ ಅಂತ ತೋರಿಸುತ್ತಿದ್ದೆ. ಎತ್ತರ ಇದ್ದೀಯ ಅಂತ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಎಳೆದರು. ಫ್ಲೋ ಹೈಮನ್ ಅಂತ ಅಮೆರಿಕದ ವಾಲಿಬಾಲ್ ಆಟಗಾರ್ತಿ, 6 ಅಡಿ 5 ಇಂಚು, ಒಲಿಂಪಿಕ್ಸ್ ಬೆಳ್ಳಿ ಗೆದ್ದವರು. 1986ರಲ್ಲಿ ಜಪಾನಿನಲ್ಲಿ ಪಂದ್ಯದ ಮಧ್ಯೆ ಬೆಂಚಿನ ಮೇಲೆ ಕೂತವರು ಕುಸಿದರು. ಮೊದಲು ಹಾರ್ಟ್ ಅಟ್ಯಾಕ್ ಅಂದುಕೊಂಡರು. ಶವ ಪರೀಕ್ಷೆಯಲ್ಲಿ ಮಹಾಪಧಮನಿ ಹರಿದದ್ದು, ಮಾರ್ಫನ್ ಎರಡೂ ಗೊತ್ತಾಯಿತು.

ನಮ್ಮಂಥವರಿಗೆ 5.5ರ ತನಕ ಕಾಯುವುದಿಲ್ಲ. 5ಕ್ಕೇ, ಕೆಲವರಿಗೆ ಅದಕ್ಕೂ ಮುಂಚೆ ಆಪರೇಷನ್. ಮಕ್ಕಳು ಬೇಕು ಅಂದರೆ ಮೊದಲು ಇದರ ಲೆಕ್ಕ ಹಾಕಬೇಕು. ನನ್ನ ತಂಗಿಗೆ ಜೀನ್ ಪರೀಕ್ಷೆ ಮಾಡಿಸಿದೆವು. ಅವಳಿಗಿಲ್ಲ. ಅವತ್ತು ಅತ್ತಿದ್ದು ನಾನು, ಅವಳಲ್ಲ.

ತುರ್ತುಬಾಗಿಲು:

ಎದೆಯ ಭಾಗದ ಮಾತು ಬಂದದ್ದು ಒಳ್ಳೆಯದಾಯಿತು. ಅಲ್ಲಿ ಉಬ್ಬು ಮೌನವಾಗಿಯೇ ಇರುತ್ತದೆ. ಕೆಲವರಿಗೆ ದನಿ ಒಡೆದು ಗೊಗ್ಗರಾಗಬಹುದು. ದನಿಪೆಟ್ಟಿಗೆಯ ನರ ಅಲ್ಲೇ ಸುತ್ತಿಕೊಂಡು ಹೋಗುತ್ತದೆ, ಉಬ್ಬು ಅದನ್ನು ಒತ್ತುತ್ತದೆ. ಬಿಡದ ಕೆಮ್ಮು, ನುಂಗಲು ಕಷ್ಟ, ಇವೂ ಇರಬಹುದು.

ಒಳಪದರ ಹರಿದು ಪದರಗಳ ನಡುವೆ ರಕ್ತ ನುಗ್ಗಿದರೆ ಅದನ್ನು ಡಿಸೆಕ್ಷನ್ ಅನ್ನುತ್ತೇವೆ. ಹಾರ್ಟ್ ಅಟ್ಯಾಕಿನ ನೋವು ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ. ಇದು ಶುರುವಾದ ಕ್ಷಣವೇ ತುತ್ತತುದಿ. ಎದೆಯಲ್ಲಿ ಅಥವಾ ಎರಡು ಹೆಗಲ ಮೂಳೆಗಳ ನಡುವೆ. 'ಬಟ್ಟೆ ಹರಿದ ಹಾಗಾಯ್ತು' ಅಂತ ರೋಗಿಗಳೇ ಹೇಳಿದ್ದಾರೆ. ಆಗ ಎರಡೂ ತೋಳಿನಲ್ಲಿ ಬಿಪಿ ನೋಡಬೇಕು. 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಗಟ್ಟಿ, ಇಲ್ಲದಿದ್ದರೂ ಅನುಮಾನ ಹೋಗುವುದಿಲ್ಲ. ಇದನ್ನು ಹಾರ್ಟ್ ಅಟ್ಯಾಕ್ ಅಂತ ತಿಳಿದು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಅನಾಹುತ. ಹೃದಯದಿಂದ ಹೊರಟ ಕೂಡಲೇ ಇರುವ ಭಾಗ ಹರಿದಿದ್ದರೆ ಮೊದಲ ಒಂದೆರಡು ದಿನ ಗಂಟೆಗೆ ನೂರಕ್ಕೆ ಒಬ್ಬಿಬ್ಬರ ಲೆಕ್ಕದಲ್ಲಿ ಜೀವ ಹೋಗುತ್ತದೆ ಅಂತ ನಮಗೆ ಕಲಿಸುತ್ತಾರೆ. ನೋವು ಇಳಿಸಿ, ನಾಡಿ 60ರ ಆಸುಪಾಸಿಗೆ, ಮೇಲಿನ ಬಿಪಿ 120ರ ಕೆಳಗೆ ತಂದು ಆಪರೇಷನ್ನಿಗೆ ಓಡುವುದೇ ಕೆಲಸ.

ಹೊಟ್ಟೆಯದು ಒಡೆದಾಗ ಇನ್ನೊಂದು ಪಾಠ. ಬಿಪಿ 80-90 ಇದ್ದರೂ ರೋಗಿ ಎಚ್ಚರವಾಗಿ ಮಾತಾಡುತ್ತಿದ್ದರೆ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಬಾರದು. ಬಿಪಿ ಏರಿದರೆ ಆ ಬಿರಡೆ ಕಿತ್ತು ಬರುತ್ತದೆ. ಎರಡನೇ ವರ್ಷ ಅವರೇ, ಇದು ನಿಮಗೆ.

ಹಳೆಪುಟ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಐನ್‌ಸ್ಟೈನ್ ಹೋದದ್ದೂ ಇದರಿಂದಲೇ. 1948ರಲ್ಲಿ ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್ ಅವರ ಹೊಟ್ಟೆ ತೆರೆದು, ಅನ್ಯೂರಿಸಂ ಸುತ್ತ ಸೆಲೊಫೇನ್ ಹಾಳೆ ಸುತ್ತಿದರು. ಹೌದು, ಉಡುಗೊರೆ ಡಬ್ಬಿಗೆ ಸುತ್ತುವ ಸೆಲೊಫೇನ್! ಅದು ಒಳಗೆ ಕೆರಳಿಸಿ ಸುತ್ತಲೂ ಗಟ್ಟಿ ಪೊರೆ ಬೆಳೆಯುವ ಹಾಗೆ ಮಾಡುತ್ತದೆ ಅಂತ ಲೆಕ್ಕ. ನಾಳ ಬದಲಾಯಿಸುವ ವಿದ್ಯೆ ಆಗ ಇರಲಿಲ್ಲ. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಅದನ್ನು ಮಾಡಿ ತೋರಿಸಿದರು. ಐನ್‌ಸ್ಟೈನ್ ಸೆಲೊಫೇನ್ ಇಟ್ಟುಕೊಂಡೇ ಆರೇಳು ವರ್ಷ ಕಳೆದರು. 1955ರ ಏಪ್ರಿಲಿನಲ್ಲಿ ಒಡೆದಾಗ ಆಪರೇಷನ್ ಬೇಡ ಅಂದರು. 18ರಂದು ತೀರಿಕೊಂಡರು, 76 ವರ್ಷ.

ಎರಡು ತೂತು:

ನನ್ನದು 5.6 ಇತ್ತು. ತೊಡೆಸಂದಿನಲ್ಲಿ ಎರಡೂ ಕಡೆ ಸಣ್ಣ ತೂತು ಮಾಡಿ, ನಾಳದೊಳಗಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಬಲೆ ಇರುವ ಬಟ್ಟೆಯ ಕೊಳವೆ, ಹಾಕಿದರು. ಇವಾರ್ ಅಂತಾರೆ. ಮೂರನೇ ದಿನ ಮನೆಗೆ ಬಂದೆ. ಹತ್ತನೇ ದಿನ ಮೆಟ್ಟಿಲು ಹತ್ತಿದೆ. ಇಷ್ಟೇನಾ ಅನ್ನಿಸಿತು.

ಅದೇ ಎಡವಟ್ಟಾದದ್ದು. ಮೊದಲ ವರ್ಷ ಸ್ಕ್ಯಾನಿಗೆ ಹೋದೆ, ಚೆನ್ನಾಗಿದೆ ಅಂದರು. ಆಮೇಲೆ ಮೂರು ವರ್ಷ ಹೋಗಲೇ ಇಲ್ಲ. ನೋವಿಲ್ಲ, ನುಲಿವಿಲ್ಲ, ಯಾಕೆ ಹೋಗಬೇಕು? ಕೊನೆಗೆ ಮಗಳು ಬೈದು ಕರೆದುಕೊಂಡು ಹೋದಳು. ಗ್ರಾಫ್ಟ್ ಹೊರಗೆ ಹಳೆಯ ಚೀಲಕ್ಕೆ ಒಂದು ಪಕ್ಕದ ನಾಳದಿಂದ ರಕ್ತ ವಾಪಸ್ ಬರುತ್ತಿತ್ತು. ಎಂಡೋಲೀಕ್. ಚೀಲ 6.3 ಆಗಿತ್ತು. ಈ ಥರದ ಲೀಕು ಎಷ್ಟೋ ಜನಕ್ಕೆ ತಾನೇ ಮುಚ್ಚಿಕೊಳ್ಳುತ್ತದಂತೆ, ಚೀಲ ಬೆಳೆಯದಿದ್ದರೆ ನೋಡುತ್ತಾ ಇರುತ್ತಾರಂತೆ. ನನ್ನದು ಬೆಳೆದಿತ್ತು. ಮತ್ತೆ ಒಳಗೆ ಹೋಗಿ ಆ ನಾಳಕ್ಕೆ ಕಾಯಿಲ್ (ಸಣ್ಣ ಲೋಹದ ಸುರುಳಿ) ತುಂಬಿ ಮುಚ್ಚಿದರು. ಈಗ ಗ್ರಾಫ್ಟಿನ ಕಾರ್ಡು ಪರ್ಸಿನಲ್ಲಿದೆ, ಸ್ಕ್ಯಾನ್ ತಾರೀಕು ಫ್ರಿಡ್ಜಿನ ಬಾಗಿಲ ಮೇಲಿದೆ.

ದೊಡ್ಡ ಸೊಸೆ:

ಅತ್ತೆಗೆ 5.2 ಇದ್ದಾಗ ಹೊಟ್ಟೆ ತೆರೆದೇ ಮಾಡಿದರು. ನಾಳದ ಆಕಾರ ಸ್ಟೆಂಟಿಗೆ ಹೊಂದುತ್ತಿರಲಿಲ್ಲವಂತೆ. ಆಸ್ಪತ್ರೆಯಲ್ಲಿ 9 ದಿನ. ಐಸಿಯುನಲ್ಲಿ ಮೊದಲು ನೋಡಿದ್ದು ಅವರ ಪಾದ. ಎರಡೂ ಪಾದದ ಮೇಲೆ ಪೆನ್ನಿನಲ್ಲಿ ಗುಣಾಕಾರದ ಗುರುತು ಹಾಕಿದ್ದರು. ಅತ್ತೆ ಎಚ್ಚರ ಆದ ಮೇಲೆ ಕೇಳಿದ ಮೊದಲ ಪ್ರಶ್ನೆ, ನನ್ನ ಕಾಲಿನ ಮೇಲೆ ಯಾರು ಗೀಚಿದ್ದು ಅಂತ.

ಮನೆಗೆ ಬಂದ ಮೇಲೆ ಯಾರೂ ಹೇಳದೇ ಇದ್ದದ್ದು ಎರಡು. ಒಂದು, ಹಸಿವು. ಐದು ವಾರ ಊಟ ಸೇರಲಿಲ್ಲ. ಸ್ವಲ್ಪ ಸ್ವಲ್ಪ, ಆರೇಳು ಸಲ ಕೊಟ್ಟೆವು. ಇನ್ನೊಂದು, ಮನಸ್ಸು ಕುಗ್ಗಿದ್ದು. ಗಾಯ ಒಣಗಿತು, ಅತ್ತೆ ಮಾತ್ರ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮೂರು ತಿಂಗಳಾಯಿತು ಸರಿ ಹೋಗಲು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ ಅಂತ ಸಿಸ್ಟರ್ ಹೇಳಿಕೊಟ್ಟಿದ್ದರು, ಅದು ಬಹಳ ಕೆಲಸಕ್ಕೆ ಬಂತು.

ರಾತ್ರಿಪಾಳಿ:

ಆ ಗುರುತು ಹಾಕುವುದು ನಾವೇ ಅಮ್ಮಾ. ಪಾದದ ನಾಡಿ ಎಲ್ಲಿ ಸಿಕ್ಕಿತೋ ಅಲ್ಲೇ ಗುರುತು. ಪಾಳಿ ಬದಲಾದಾಗ ಬರುವವರು ಹುಡುಕುತ್ತಾ ಕೂರಬಾರದು. ರಾತ್ರಿ 3 ಗಂಟೆಗೆ ಒಂದು ಪಾದ ತಣ್ಣಗಾಗಿ, ಬಿಳಿಚಿಕೊಂಡು, ಗುರುತಿನ ಜಾಗದಲ್ಲಿ ನಾಡಿ ಸಿಗಲಿಲ್ಲ ಅಂದರೆ ಸರ್ಜನ್ನನ್ನು ಎಬ್ಬಿಸುತ್ತೇವೆ. ಬೆಳಗಾಗಲಿ ಅನ್ನುವ ಹಾಗಿಲ್ಲ.

ಎರಡನೇ ವರ್ಷ ಅವರಿಗೆ ಇನ್ನೂ ಒಂದಿಷ್ಟು. ಗಂಟೆಗೊಮ್ಮೆ ಮೂತ್ರ ಅಳೆಯುವುದು ಶಾಸ್ತ್ರಕ್ಕೆ ಅಲ್ಲ, ಕಿಡ್ನಿಗೆ ರಕ್ತ ಹೋಗುತ್ತಿದೆಯಾ ಅಂತ ಅದೇ ಹೇಳೋದು. ಆಪರೇಷನ್ ಆದ ಒಂದೆರಡು ದಿನದಲ್ಲೇ ರಕ್ತ ಬೆರೆತ ಭೇದಿ ಆದರೆ, ಎಡ ಹೊಟ್ಟೆ ನೋವು ಅಂದರೆ, ಕರುಳಿಗೆ ರಕ್ತ ಸಾಲುತ್ತಿಲ್ಲವೇನೋ ಅಂತ ಮೊದಲು ಯೋಚಿಸಿ. ಎದೆಯ ಭಾಗದ ಆಪರೇಷನ್ ಆದವರಿಗೆ ಪ್ರತಿ ಸಲ 'ಕಾಲು ಎತ್ತಿ' ಅನ್ನಬೇಕು. ಬೆನ್ನುಹುರಿಗೆ ರಕ್ತ ಕಮ್ಮಿಯಾದರೆ ಕಾಲಿನ ಬಲ ಹೋಗುತ್ತದೆ, ಬೇಗ ಹಿಡಿದರೆ ಕೆಲವು ಸಲ ವಾಪಸ್ ಬರುತ್ತದೆ. ಇವಾರ್ ಆದವರ ತೊಡೆಸಂದನ್ನು ಬ್ಯಾಂಡೇಜ್ ಮೇಲಿಂದ ನೋಡಿದರೆ ಸಾಲದು, ಪಕ್ಕದಲ್ಲಿ, ತೊಡೆಯ ಕೆಳಗೆ ಕೈ ಹಾಕಿ ನೋಡಿ. ರಕ್ತ ಕೆಳಗೆ ಇಳಿದು ಹಾಸಿಗೆಯಲ್ಲಿ ನಿಂತಿರುತ್ತದೆ.

ನಡುವಿನ ಮಗ:

ಐದು ವಾರದ ನಂತರ ಬರೆಯುತ್ತಿದ್ದೇನೆ. ಮಾತ್ರೆ ಅವತ್ತೇ ಬದಲಾಯಿತು. ಆಮೇಲೆ ನನಗೆ ಸಮಾಧಾನ ಆಗದೆ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು, ಅವರು ಸಿ.ಟಿ. ಮಾಡಿಸಿದರು. 4.6! ಐದು ವಾರಕ್ಕೆ 3 ಮಿ.ಮೀ.! ಈಗಲಾದರೂ ಬೇಗ ಬೆಳೆಯುತ್ತಿದೆ ಅನ್ನುತ್ತೀರಾ ಇಲ್ಲವಾ?

ಪ್ರೋಬ್ ಹಿಡಿದ ಕೈ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಸ್ಕ್ಯಾನ್ ಮಾಡುವ ಕೆಲಸ ನನ್ನದು, ದಿನಾ ಹತ್ತಾರು ಹೊಟ್ಟೆ. ಬೆಳೆದಿಲ್ಲ. ನೀವು ಅಳತೆಪಟ್ಟಿ ಬದಲಾಯಿಸಿದ್ದೀರಿ, ಅಷ್ಟೇ.

ಅಲ್ಟ್ರಾಸೌಂಡಿಗಿಂತ ಸಿ.ಟಿ.ಯಲ್ಲಿ ಕೆಲವು ಮಿ.ಮೀ. ಜಾಸ್ತಿ ತೋರಿಸುವುದು ಮಾಮೂಲಿ. ಅಲ್ಟ್ರಾಸೌಂಡಿನಲ್ಲೇ ಒಬ್ಬರು ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುತ್ತಾರೆ, ಇನ್ನೊಬ್ಬರು ಒಳ ಅಂಚಿನಿಂದ ಒಳ ಅಂಚಿಗೆ. ಅಲ್ಲೇ 3-4 ಮಿ.ಮೀ. ಹೋಯಿತು. ಇನ್ನು ಓರೆ. ಪೈಪನ್ನು ನೇರ ಅಡ್ಡಕ್ಕೆ ಕತ್ತರಿಸಿದರೆ ದುಂಡು ಬಾಯಿ ಕಾಣುತ್ತದೆ, ಓರೆ ಕತ್ತರಿಸಿದರೆ ಮೊಟ್ಟೆಯಾಕಾರ. ವಯಸ್ಸಾದವರ ನಾಳ ಅಂಕುಡೊಂಕು. ಪ್ರೋಬ್ ಸ್ವಲ್ಪ ವಾಲಿದರೂ ಮೊಟ್ಟೆಯನ್ನೇ ಅಳೆದುಬಿಡುತ್ತೇವೆ. ಹೊಟ್ಟೆಯಲ್ಲಿ ಗ್ಯಾಸಿದ್ದರೆ ಅದೂ ಅಡ್ಡ.

ಈ ಗಾತ್ರದವು ಸಾಮಾನ್ಯವಾಗಿ ವರ್ಷಕ್ಕೆ 2-3 ಮಿ.ಮೀ. ಬೆಳೆಯುತ್ತವೆ. ಅದು ನಮ್ಮ ಕೈಯ ತಪ್ಪಿನಷ್ಟೇ. ಹಾಗಾಗಿ ಹತ್ತಿರ ಹತ್ತಿರ ಸ್ಕ್ಯಾನ್ ಮಾಡಿಸಿದರೆ ಕಾಣುವುದು ಬೆಳವಣಿಗೆಯಲ್ಲ, ನಮ್ಮ ಕೈ ನಡುಕ. ಒಂದೇ ಕಡೆ, ಒಂದೇ ವಿಧಾನದಲ್ಲಿ, ಸಾಧ್ಯವಾದರೆ ಒಬ್ಬರೇ ಅಳೆಯಲಿ. ಹಳೆಯ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಸಿ.ಟಿ.ಯನ್ನು ಸಿ.ಟಿ. ಜೊತೆ ಹೋಲಿಸಿ, ಅಲ್ಟ್ರಾಸೌಂಡನ್ನು ಅಲ್ಟ್ರಾಸೌಂಡ್ ಜೊತೆ. ಮತ್ತೆ, ಅಪ್ಪನ ಒಡಹುಟ್ಟಿದವರು ಇದ್ದರೆ ಅವರಿಗೂ ಒಂದು ಸಲ ಮಾಡಿಸಿ. ಇದು ಮನೆತನದಲ್ಲಿ ಹರಿಯುತ್ತದೆ.

4.3:

ಎಲ್ಲರಿಗೂ ನಮಸ್ಕಾರ. ನಾನೇ ಆ 4.3. ಮಗ ಲ್ಯಾಪ್‌ಟಾಪ್ ಮುಚ್ಚದೆ ಎದ್ದು ಹೋಗಿದ್ದ, ಎಲ್ಲ ಓದಿದೆ. ಆಮೇಲೆ ಮೊಮ್ಮಗಳ ಹತ್ತಿರ ಈ ಖಾತೆ ಮಾಡಿಸಿಕೊಂಡೆ.

ಸಿಗರೇಟು ಬಿಟ್ಟು 23 ದಿನ. 9ನೇ ದಿನ ಒಂದು ಸೇದಿದೆ, ಸುಳ್ಳು ಹೇಳಲ್ಲ. ಅರ್ಧ ಬಕೆಟ್ ನೀರಿಗೆ ಮನೆಯಲ್ಲಿ ಅನುಮತಿ ಸಿಕ್ಕಿದೆ. ಒಡಹುಟ್ಟಿದವರು ಅಂದಿದ್ದಕ್ಕೆ ನನ್ನ ತಮ್ಮನನ್ನು ಎಳೆದುಕೊಂಡು ಹೋದೆ. ಅವನಿಗೆ 64, ನನಗಿಂತ ಜಾಸ್ತಿ ಸೇದುತ್ತಾನೆ. 3.6 ಬಂತು. ಈಗ ಇಬ್ಬರೂ ಬೆಳಿಗ್ಗೆ ನಡೆಯಲು ಹೋಗುತ್ತೇವೆ. ಸಿಸ್ಟರ್, ಅವನಿಗೆ 3 ವರ್ಷ ಬಿಟ್ಟು ಸ್ಕ್ಯಾನ್ ಅಂದಿದ್ದಾರೆ, ನನಗೆ ವರ್ಷಕ್ಕೇ. ಸರಿಯಾ?

ಇನ್ನೊಂದು. ಮಗನ ಕೈ ಬಹಳ ತಣ್ಣಗಿರುತ್ತದೆ. ಅದನ್ನು ಹೇಳೋಣ ಅಂತ ಮೊದಲ ದಿನದಿಂದ ಅಂದುಕೊಂಡಿದ್ದೆ.

ರಾತ್ರಿಪಾಳಿ:

ಸರಿಯಾಗಿದೆ ಸರ್. 4ಕ್ಕಿಂತ ಕಮ್ಮಿ ಇದ್ದರೆ 3 ವರ್ಷಕ್ಕೊಮ್ಮೆ, 4ರಿಂದ 5ರೊಳಗೆ ವರ್ಷಕ್ಕೊಮ್ಮೆ, 5 ದಾಟಿದರೆ ಆರು ತಿಂಗಳಿಗೆ. ಕೆಲವು ಕಡೆ ಇನ್ನೂ ಬೇಗ ಕರೆಯುತ್ತಾರೆ. ತಮ್ಮನವರ ಸಿಗರೇಟಿನ ಲೆಕ್ಕವನ್ನೂ ನೀವೇ ಇಟ್ಟುಕೊಳ್ಳಿ.

ನಡುವಿನ ಮಗ:

ಅಪ್ಪಾ?! ನೀವು ಎಚ್ಚರ ಇರ್ತಿದ್ರಾ?

4.3:

ಪ್ರಾಸ್ಟೇಟ್ ಇರೋನು ರಾತ್ರಿ ನಿದ್ದೆ ಎಲ್ಲಿ ಮಾಡ್ತಾನೋ.